ಮಣಿಕಟ್ಟಿನ ಎತ್ತರ

ಸೆಪ್ಟೆಂಬರ್ 3, ಮಂಗಳವಾರ

ಸರ್ವೆ ಇಲಾಖೆಯ ಮೂವತ್ತೊಂದು ವರ್ಷ ಶನಿವಾರಕ್ಕೆ ಮುಗಿಯಿತು. ಇನ್ನೂ ಎರಡು ವರ್ಷ ಸರ್ವಿಸ್ ಇತ್ತು, ನಾನೇ ಬಿಟ್ಟೆ. ಕೇಳಿದವರಿಗೆಲ್ಲ ಬೆನ್ನುನೋವು ಎಂದೆ. ಇಲ್ಲಿ ಹಾಗೆ ಬರೆಯಬೇಕಾಗಿಲ್ಲ. ಬಿಟ್ಟದ್ದು ಮನೆಯ ಹಿಂದೆ ಕಟ್ಟಿಸಿರುವ ಶೆಡ್ಡಿಗಾಗಿ, ಅಲ್ಲಿ ಯತೀಶನ ಜೊತೆ ಮರಗೆಲಸ ಮಾಡುವುದಕ್ಕಾಗಿ.

ಯತೀಶ ನಮ್ಮ ಮದ್ದೂರಿನ ಪಕ್ಕದ ವೈದ್ಯನಾಥಪುರದವನು. ಬಡಗಿ. ನನಗಿಂತ ಹದಿನೈದು ವರ್ಷ ಚಿಕ್ಕವನು, ಒಂದು ಮೊಳ ಎತ್ತರದವನು ಎಂದು ನನ್ನ ಹೆಂಡತಿ ಕುಸುಮ ಹೇಳುತ್ತಾಳೆ. ಮೊಳ ಅಲ್ಲ, ಇಪ್ಪತ್ತಮೂರು ಸೆಂಟಿಮೀಟರ್. ಏಳು ವರ್ಷದ ಹಿಂದೆ ನನ್ನ ಪುಸ್ತಕಗಳಿಗೆ ಕಪಾಟು ಮಾಡಲು ಬಂದಿದ್ದ. ಕೆಲಸ ಮುಗಿದ ದಿನ ಪೋರ್ಚುಗೀಸಿನಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿಯನ್ನು ಕೈಯಲ್ಲಿ ಹಿಡಿದುಕೊಂಡು, "ಸಾ, ಇದ್ನ ಓದಿ ತಂದ್ಕೊಡ್ಲಾ?" ಎಂದ. ತಂದುಕೊಟ್ಟ. ಅಂದಿನಿಂದ ಪ್ರತಿ ಭಾನುವಾರ ಬರುತ್ತಾನೆ. ನನ್ನ ಪುಸ್ತಕಗಳ ಬಗ್ಗೆ ನಾನು ಮಾತಾಡುವುದು ಅವನೊಬ್ಬನ ಹತ್ತಿರ. ಬೇರೆಯವರ ಹತ್ತಿರ ಬೇರೆ ವಿಷಯವೂ ಹೆಚ್ಚು ಮಾತಾಡುವುದಿಲ್ಲ.

ಇಬ್ಬರೂ ಸೇರಿ ಒಂದು ಮೈಟರ್ ಸಾ ಕೊಳ್ಳುವುದೆಂದು ಆಗಿದೆ. ಮರವನ್ನು ಬೇಕಾದ ಕೋನಕ್ಕೆ ಕತ್ತರಿಸುವ, ಮೇಲಿನಿಂದ ಕೆಳಕ್ಕೆ ಇಳಿಯುವ ಚಕ್ರಗರಗಸ. ಯತೀಶ ಅದನ್ನು ಬರೀ ಮಿಷನ್ನು ಎನ್ನುತ್ತಾನೆ. ಅದು ಬಂದ ಮೇಲೆ ಪುಸ್ತಕದ ಕಪಾಟು ಮಾತ್ರ ಮಾಡುವುದು, ಬೇರೇನೂ ಇಲ್ಲ.

ಮಿಷನ್ನಿಗೆ ಸ್ಟ್ಯಾಂಡು ಬೇಕು. ಅದರ ಎತ್ತರ ಎಷ್ಟಿರಬೇಕೆಂದು ಯತೀಶನ ಗುರುಗಳು ಹೇಳಿಕೊಟ್ಟ ಕ್ರಮ ಇದು: ಕೆಲಸ ಮಾಡುವವನು ನೇರ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಷ್ಟು. ಇವತ್ತು ಶೆಡ್ಡಿನ ಗೋಡೆಗೆ ನನ್ನನ್ನು ನಿಲ್ಲಿಸಿದ.

"ಕೈ ಸಡ್ಲ ಬುಡಿ ಸಾ. ಪೋಲೀಸ್ನೋರ ಮುಂದೆ ನಿಂತಂಗೆ ನಿಂತ್ಕಂಡಿದ್ದೀರಲ್ಲ."

ಪೆನ್ಸಿಲ್ಲಿನಿಂದ ಗುರುತು ಹಾಕಿದ. ಅವನದನ್ನು ನಾನು ಹಾಕಿದೆ. ಅವನು ಮಡಚುವ ಅಡಿಕೋಲು ಬಿಚ್ಚಿ, "ನಿಮ್ದು ಮೂವತ್ತೆರಡು ಇಂಚು, ನಂದು ಮೂವತ್ತೈದು" ಎಂದ. ನನ್ನ ಟೇಪಿನ ಪ್ರಕಾರ 813 ಮತ್ತು 889 ಮಿಲಿಮೀಟರ್. ಇಂಚು, ನೂಲು ಎಂಬ ಅವನ ಲೆಕ್ಕವನ್ನು ಈ ಶೆಡ್ಡಿನಿಂದ ಹೊರಗಿಡಬೇಕು. ಇಂಚಿನ ಎಂಟನೇ ಒಂದು ಭಾಗವನ್ನು ನೂಲು ಎಂದು ಕರೆದರೆ ಅದು ಅಳತೆಯಾಗುವುದಿಲ್ಲ, ಬಟ್ಟೆಯಾಗುತ್ತದೆ.

ಸೆಪ್ಟೆಂಬರ್ 8, ಭಾನುವಾರ

ಸ್ಟ್ಯಾಂಡನ್ನು ಕೊಳ್ಳುವುದೋ ಮಾಡುವುದೋ? ಎರಡು ಗಂಟೆ ಇದೇ ಮಾತು.

ಯತೀಶ ಫೋನಿನಲ್ಲಿ ಒಂದನ್ನು ತೋರಿಸಿದ. ಅಲ್ಯೂಮಿನಿಯಮ್ಮಿನದು, ಮಡಚಬಹುದು, ಒಂದು ಕಡೆ ಎರಡು ಚಕ್ರ.

"ಕೊಂಡ್ಕಂಬುಡಾನ ಸಾ. ಕಾಲು ಏರ್ಸ್‌ಬೋದು, ಇಳಿಸ್‌ಬೋದು. ನಿಮ್ಗೂ ಆಯ್ತದೆ, ನಂಗೂ ಆಯ್ತದೆ. ಚಕ್ರ ಬ್ಯಾರೆ ಐತೆ, ಎಲ್ಲಿಗ್ ಬೇಕಾರೂ ಓಯ್ತದೆ."

"ಎಲ್ಲಿಗೆ ಹೋಗಬೇಕು? ಶೆಡ್ಡು ಇಲ್ಲೇ ಇದೆಯಲ್ಲ."

ಅವನು ನಕ್ಕ. ನಾನು ನನ್ನ ನಕ್ಷೆ ಬಿಚ್ಚಿದೆ. ಮಧ್ಯದಲ್ಲಿ ಮಿಷನ್ ಕೂರಲು ಒಂದು ತಗ್ಗು. ಎರಡು ಕಡೆ ಉದ್ದ ರೆಕ್ಕೆಗಳು, ಮಿಷನ್ನಿನ ಮೇಜಿಗೆ ಸಮನಾಗಿ. ಆರು ಅಡಿಯ ಹಲಗೆ ಇಟ್ಟರೂ ತುದಿ ಜೋತುಬೀಳುವುದಿಲ್ಲ. ಮರದ ಸ್ಟ್ಯಾಂಡು ಅಲುಗಾಡುವುದಿಲ್ಲ. ಅಲುಗಾಡಿದರೆ ನಲವತ್ತೈದು ಡಿಗ್ರಿ ನಲವತ್ತೈದಾಗಿ ಉಳಿಯುವುದಿಲ್ಲ. ಆದರೆ ಒಂದೇ ಎತ್ತರ. ಯಾರ ಎತ್ತರಕ್ಕೆ ಎಂಬುದು ಪ್ರಶ್ನೆ.

ಕುಸುಮ ಕಾಫಿ ತಂದಿಟ್ಟು ಹೇಳಿದಳು: "ಒಂದು ಮೇಜಿಗೆ ಇಷ್ಟು ಹೊತ್ತು ಮಾತಾಡ್ತೀರಲ್ಲ ರೀ, ನಮ್ಮ ಮದುವೆ ಮಾತುಕತೆ ಅರ್ಧ ಗಂಟೆಗೆ ಮುಗಿದಿತ್ತು."

"ಅದ್ಕೇ ಅಕ್ಕ, ಈಗ್ಲಾರೂ ಉಸಾರಾಗವ್ರೆ" ಎಂದ ಯತೀಶ.

ಹಂಗೇರಿಯ ಕಾದಂಬರಿ ಕೊಟ್ಟು ಕಳಿಸಿದೆ.

ಸೆಪ್ಟೆಂಬರ್ 14, ಶನಿವಾರ

ಮಂಡ್ಯಕ್ಕೆ ಹೋಗಿ ಮಿಷನ್ ತಂದೆವು. ಅರ್ಧ ಅವನದು, ಅರ್ಧ ನನ್ನದು. ಸ್ಟೇಷನ್ನಿನಿಂದ ಮನೆಯ ತನಕ ಡಬ್ಬವನ್ನು ಅವನು ಹೆಗಲ ಮೇಲೆ ಹೊತ್ತ. ಆಟೋ ಬೇಡ ಎಂದ. ಮಗುವನ್ನು ಆಸ್ಪತ್ರೆಯಿಂದ ತರುವವರ ಹಾಗೆ ನಡೆದೆವು.

ಬುಧವಾರದಿಂದ ಪಿತೃಪಕ್ಷ. ಪಕ್ಷದಲ್ಲಿ ಹೊಸದನ್ನು ತೆರೆಯುವುದು ಬೇಡ, ಆಯುಧಪೂಜೆಯ ದಿನ ಪೂಜೆ ಮಾಡಿ ತೆರೆಯಿರಿ ಎಂದಳು ಕುಸುಮ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಯತೀಶನಿಗೆ ಇದೆ. "ಸರಿಯಾಗೈತೆ ಅಕ್ಕ. ಪೂಜೆ ಇಲ್ದೆ ಮಿಷನ್ನಿಗೆ ಕರೆಂಟು ಕೊಡೋ ಜಾತಿಯಲ್ಲ ನಾವು" ಎಂದ. ನಾಲ್ಕು ವಾರ ಸ್ಟ್ಯಾಂಡು ಮಾಡಲು ಸಿಕ್ಕಿತು ಎಂದುಕೊಂಡು ನಾನೂ ಒಪ್ಪಿದೆ.

ಶೆಡ್ಡಿಗೆ ಬಾಗಿಲು ಇಲ್ಲ. ಬಾಗಿಲು ಮಾಡಬೇಕಾದವನೇ ಯತೀಶ, ಅವನಿಗೆ ಬಿಡುವಾಗಿಲ್ಲ. ಮನೆಯೊಳಗೆ ಪುಸ್ತಕಗಳೇ ತುಂಬಿವೆ. ಅದಕ್ಕಾಗಿ ಡಬ್ಬ ಅವನ ಮನೆಗೆ ಹೋಯಿತು.

"ಅವ್ವ ಅದ್ರ ಮ್ಯಾಲೇ ಕೂತ್ಕಂಡು ಕಾಯ್ತಳೆ, ನೀವ್ ನಿದ್ದೆ ಮಾಡಿ ಸಾ."

ಸೆಪ್ಟೆಂಬರ್ 21, ಶನಿವಾರ

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹಲಗೂರಿಗೆ ಹೋದೆವು. ಸ್ಟ್ಯಾಂಡು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ. ಆದರೂ ಮರ ನೋಡಿಟ್ಟುಕೊಳ್ಳಬಹುದಲ್ಲ ಎಂದು ನಾನೇ ಹೊರಡಿಸಿದೆ. ಪಕ್ಷದಲ್ಲಿ ಮರ ಕೊಳ್ಳಬಹುದೇ ಎಂದು ಕುಸುಮ ಕೇಳಿದ್ದಕ್ಕೆ ಯತೀಶ, "ಕಡ್ದು ಮೂರ್ ವರ್ಸ ಆಗಿರೋ ಮರ ಅಕ್ಕ, ಅದ್ಕೇ ಈಗ ತಿಥಿ ಮಾಡ್ಬೇಕು" ಎಂದ.

ಸಾಮಿಲ್ಲಿನ ಸಿದ್ದರಾಮು ಹಲಸಿನ ಹಲಗೆಗಳನ್ನು ತೋರಿಸಿದ. ಯತೀಶ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, ಮೂಸಿ ನೋಡಿ ಆರಿಸಿದ. ತಟ್ಟಿದರೆ ಏನು ಗೊತ್ತಾಗುತ್ತದೆ ಎಂದು ಕೇಳಿದೆ. "ಒಳ್ಗೆ ಬಿರುಕಿದ್ರೆ ಕೆಮ್ತದೆ ಸಾ" ಎಂದ. ಇದಕ್ಕೆ ಶಾಸ್ತ್ರೀಯ ಆಧಾರ ಇರಲಾರದು.

ಸಿದ್ದರಾಮು ಅವನ ಬೆನ್ನು ತಟ್ಟಿ, "ಏನ್ಲಾ, ಮಂಡ್ಯದ ಕೆಲ್ಸ ಎಂಗೈತೆ? ಇನ್ನು ನಿಂಗೆ ಮರ ಎಲ್ ನೆಪ್ಪಾಯ್ತದೆ ಅಂತಿದ್ದೆ" ಎಂದ.

"ಸುಮ್ಕಿರಣ್ಣ, ಹಲ್ಗೆ ತೆಗ್ಸು."

ಹೋದ ವರ್ಷ ಅವನು ಮಂಡ್ಯದಲ್ಲಿ ಒಂದು ಮನೆಗೆ ಬಾಗಿಲು ಮಾಡಿದ್ದ. ಸಿದ್ದರಾಮುವಿಗೆ ಹಳೆಯ ಸುದ್ದಿ ತಡವಾಗಿ ತಲುಪಿರಬೇಕು.

ಬಸ್ಸಿನಲ್ಲಿ ಹಂಗೇರಿಯ ಕಾದಂಬರಿಯ ಬಗ್ಗೆ ಮಾತು. "ಇನ್ನೂರು ಪುಟ ಆದ್ರೂ ಆ ಮನ್ಸ ಮನೆಯಿಂದ ಈಚ್ಗೇ ಬರ್ನಿಲ್ವಲ್ಲ ಸಾ. ನಮ್ಮೂರಾಗಿದ್ರೆ ಯಾರಾರು ಬಾಗ್ಲು ಒದ್ದು ಎಳ್ಕಂಡ್ ಬರೋರು." ನಾನು ನಕ್ಕೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ನಾನು ಅಷ್ಟು ಜೋರಾಗಿ ನಗುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 29, ಭಾನುವಾರ

ಯತೀಶ ಬೆಳಿಗ್ಗೆ ಬರಲಿಲ್ಲ. ಸಂಜೆ ಆರಕ್ಕೆ ಬಂದ. ಕಿವಿಯ ಹಿಂದೆ, ಹುಬ್ಬಿನಲ್ಲಿ ಕಂದು ಹಿಟ್ಟಿನಂಥ ಧೂಳು. ಏನದು ಎಂದೆ. ಸಿಮೆಂಟು ಎಂದ. ಸಿಮೆಂಟು ಬೂದು ಬಣ್ಣದ್ದು.

ಎತ್ತರದ ಪ್ರಶ್ನೆಗೆ ನಾನು ಕಂಡುಕೊಂಡ ಪರಿಹಾರ ಹೇಳಿದೆ: ಇಬ್ಬರ ಅಳತೆಯ ಸರಾಸರಿ, 851.

"ಆಗ ಇಬ್ರಿಗೂ ಸರ್ಯಾಗಿ ಆಗಲ್ಲ" ಎಂದ.

ನಕ್ಷೆಯನ್ನು ಮೊದಲಿನಿಂದ ವಿವರಿಸಿದೆ. ತಲೆ ಎತ್ತಿ ನೋಡಿದರೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ, ಕೈ ಎರಡೂ ಪಕ್ಕಕ್ಕೆ ಇಳಿಬಿದ್ದು. ಎಬ್ಬಿಸಲಿಲ್ಲ.

ಅಕ್ಟೋಬರ್ 5, ಶನಿವಾರ

ತೀರ್ಮಾನವಾಯಿತು. ಮಾಡುವುದೇ ಸರಿ.

ಹೊಸ ವಾದವೊಂದನ್ನು ಸಿದ್ಧಮಾಡಿಟ್ಟುಕೊಂಡಿದ್ದೆ: ಕೊಂಡ ಸ್ಟ್ಯಾಂಡು ಯಾರ ಶೆಡ್ಡಿನಲ್ಲಿ ಬೇಕಾದರೂ ಇರಬಹುದು, ಮಾಡಿದ್ದು ಇಲ್ಲಿ ಮಾತ್ರ ಇರುತ್ತದೆ. ಅದನ್ನು ಹೇಳುವ ಸಂದರ್ಭ ಬರಲಿಲ್ಲ. "ಆಯ್ತು ಬುಡಿ ಸಾ, ಮಾಡಾನ. ಅಬ್ಬ ಆಗ್ಲಿ" ಎಂದುಬಿಟ್ಟ. ಒಂದು ತಿಂಗಳು ಎದುರು ಮಾತಾಡಿದವನು ಒಂದೇ ಮಾತಿಗೆ ಒಪ್ಪಿದ. ನನ್ನ ನಕ್ಷೆಯೇ ಅವನನ್ನು ಒಪ್ಪಿಸಿರಬೇಕು.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ಆದ ಕ್ರಮದಲ್ಲೇ ಬರೆಯುತ್ತೇನೆ.

ಒಂಬತ್ತಕ್ಕೆ ಯತೀಶ ಡಬ್ಬ ತಂದ. ಹೊಸ ಅಂಗಿ. ಶೆಡ್ಡಿನಲ್ಲಿ ಕುಸುಮ ರಂಗೋಲಿ ಹಾಕಿದ್ದಳು. ಅವನ ಉಳಿ, ಹತ್ತರಿ, ಗರಗಸ, ನನ್ನ ಟೇಪು, ಹಳೆಯ ಸರ್ವೆ ಸರಪಳಿಯ ಒಂದು ತುಂಡು, ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದ್ದೆವು. ಡಬ್ಬದ ಅಂಟುಪಟ್ಟಿಯನ್ನು ನಾನು ಚಾಕುವಿನಿಂದ ಬಿಡಿಸಿದೆ. ಅಂಗಡಿಯವರ ಪಟ್ಟಿಗೆ ನೀಲಿ ಅಕ್ಷರಗಳಿದ್ದವು. ಇದಕ್ಕೆ ಇರಲಿಲ್ಲ.

ಪೂಜೆಗೆ ಮುಂಚೆ ಒರೆಸೋಣ ಎಂದು ಬಟ್ಟೆ ತೆಗೆದುಕೊಂಡೆ. ಮಿಷನ್ ಮೊದಲೇ ಸ್ವಚ್ಛವಾಗಿತ್ತು. ಹೊಸದಕ್ಕಿಂತ ಹೆಚ್ಚು ಸ್ವಚ್ಛ. ಹಿಂದಿನ ತಡೆಪಟ್ಟಿಯಲ್ಲಿ ಒಂದು ತಿರುಪಿನ ಗುಳಿ. ಅದರೊಳಗೆ ಒಣಗಿದ ಕುಂಕುಮ. ಬೆರಳ ತುದಿ ಕೆಂಪಾಯಿತು.

ಬ್ಲೇಡಿನ ಮುಚ್ಚಳ ಎತ್ತಿದೆ. ಮೂಲೆಯಲ್ಲಿ ಚೆಂಡುಹೂವಿನ ಒಂದು ಎಸಳು, ಅದರ ಸುತ್ತ ಕಂದು ಹಿಟ್ಟು. ಅದು ಮರದ ಹೊಟ್ಟಲ್ಲ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡುತ್ತಾರಲ್ಲ, ಅಡುಗೆಮನೆ ಕಬೋರ್ಡಿನ ಹಲಗೆ, ಅದರದು.

ಆಮೇಲೆ ಬುಡವನ್ನು ಓರೆ ಮಾಡಿ ನೋಡಿದೆ. ಸ್ಟ್ಯಾಂಡಿಗೆ ಬೋಲ್ಟು ಹಾಕಲು ನಾಲ್ಕು ತೂತು. ನಾಲ್ಕರ ಸುತ್ತಲೂ ಬಣ್ಣ ಉಜ್ಜಿಹೋಗಿ ಉಂಗುರದಂತೆ ಹೊಳೆಯುತ್ತಿತ್ತು.

ಯತೀಶ ಕರ್ಪೂರದ ಪೊಟ್ಟಣ ಬಿಡಿಸುತ್ತಿದ್ದ. ಬಿಡಿಸುತ್ತಲೇ ಇದ್ದ. ನನ್ನ ಕಡೆ ನೋಡಲಿಲ್ಲ. ನಾನು ಮಿಷನ್ನನ್ನು ಮಣೆಯ ಮೇಲಿಟ್ಟು ಪಕ್ಕಕ್ಕೆ ಸರಿದೆ. ಕುಸುಮ ಆರತಿ ಮಾಡಿದಳು. ಅವನು ಹೊಸದಾಗಿ ಕುಂಕುಮ ಇಟ್ಟ. ಕುಂಬಳಕಾಯಿ ಒಡೆದ. ಚಿತ್ರಾನ್ನ, ಪಾಯಸ ತಿಂದ.

ಹೊರಡುವಾಗ, "ಮಿಷನ್ ತಗಂಡೋಗ್ಲಾ ಸಾ? ಬಾಗ್ಲಿಲ್ವಲ್ಲ" ಎಂದ.

"ಬೇಡ. ನಿನ್ನೆ ಮಧ್ಯಾಹ್ನ ವೆಲ್ಡಿಂಗಿನವರ ಕೈಲಿ ತಗಡಿನ ಬಾಗಿಲು ಹಾಕಿಸಿದೆ. ಹಬ್ಬಕ್ಕೆ ನಿನಗೆ ತೋರಿಸೋಣ ಎಂದಿದ್ದೆ."

ಬೆಳಿಗ್ಗೆಯಿಂದ ಅದೇ ಬಾಗಿಲಲ್ಲಿ ನಾಲ್ಕು ಸಲ ಓಡಾಡಿದ್ದ. ಈಗ ನೋಡಿದ. "ತಗಡಿಂದಾ?" ಎಂದು ಮಾತ್ರ ಕೇಳಿದ.

ಅಕ್ಟೋಬರ್ 12, ಶನಿವಾರ

ಕೊಳ್ಳುವುದೋ ಮಾಡುವುದೋ ಎಂದು ನಾವು ಚರ್ಚಿಸುತ್ತಿದ್ದಾಗ ಅದು ಆಗಲೇ ಒಂದು ಸ್ಟ್ಯಾಂಡಿನ ಮೇಲೆ ನಿಂತಿತ್ತು.

ಅಕ್ಟೋಬರ್ 14, ಸೋಮವಾರ

ಹಲಗೂರಿನ ಸಿದ್ದರಾಮುವಿಗೆ ಫೋನ್ ಮಾಡಿ ಮಂಡ್ಯದ ಕೆಲಸ ಎಂದರೆ ಯಾವುದು ಎಂದು ಕೇಳಿದೆ. ಯಾವ ಸಂಕೋಚವೂ ಇಲ್ಲದೆ ಹೇಳಿದ: ಮಹದೇವು ಎಂಬ ಕಂಟ್ರಾಕ್ಟರು, ಹೊಸ ಬಡಾವಣೆ, ನೀರಿನ ಟ್ಯಾಂಕಿನ ಹಿಂದೆ ಸಾಲಾಗಿ ಆರು ಮನೆ. ಒಳಗಿನ ಕಬೋರ್ಡಿನ ಕೆಲಸವೆಲ್ಲ ಯತೀಶನದು.

ಹೋದೆ. ಮೂರನೇ ಮನೆಯ ಹಾಲಿನಲ್ಲಿ ಅದು ಇತ್ತು. ಅಲ್ಯೂಮಿನಿಯಮ್ಮಿನದು. ಎರಡು ಚಕ್ರ. ಮೇಲೆ ಏನೂ ಇರಲಿಲ್ಲ.

ಮಹದೇವು ಒಳ್ಳೆಯ ಮನುಷ್ಯನಂತೆ ಕಂಡ. ಕಪಾಟು ಮಾಡಿಸಬೇಕೆಂದು ವಿಚಾರಿಸಲು ಬಂದೆ ಎಂದೆ. ಸಲೀಸಾಗಿ ಬಾಯಿಗೆ ಬಂತು.

"ಒಂದೆರಡ್ ದಿನ ತಡೀರಿ ಸಾರ್, ಕಟಿಂಗ್ ಮಿಷನ್ನು ಇಲ್ಲ. ನಮ್ ಯತೀಸ ಅಬ್ಬಕ್ಕೆ ತಗಂಡೋಗವ್ನೆ. ಮದ್ದೂರಾಗೆ ಒಬ್ರು ಸಾಹೇಬ್ರವ್ರಂತೆ, ಅವ್ರ ಮನೇಲಿ ಪೂಜೆ ಮಾಡ್ಲೇಬೇಕು ಅಂತ ಕುಂತ್ಬುಟ್ಟ."

"ಹೊಸ ಮಿಷನ್ನೇ?"

"ಒಸದು. ಪಕ್ಸದಾಗೆ ತಂದ್ನಲ್ಲ, ಪೂಜೆಗೀಜೆ ಆಮೇಲ್ ಮಾಡೀವಂತೆ, ಸುರು ಮಾಡು ಅಂದೆ. ಎಲ್ಲಾರ ಉಂಟಾ ಅಣ್ಣ ಅಂದ. ಹೂ ತಂದು, ನಿಂಬೆಹಣ್ಣು ಕುಯ್ದು, ಕುಂಕುಮ ಮಡಗಿ ಆಮೇಲೇ ಕೈ ಆಕಿದ್ದು. ಬಲೇ ನೇಮಸ್ತ."

ಹೌದು. ನನಗೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬಂತು. ಪೂಜೆ ಇಲ್ಲದೆ ಮಿಷನ್ನಿಗೆ ಕರೆಂಟು ಕೊಡಲು ಬರಲಿಲ್ಲ. ಆ ಒಂದು ಚಿಟಿಕೆ ಕುಂಕುಮ ಇಲ್ಲದಿದ್ದರೆ ನಾನು ಬುಡ ಎತ್ತಿ ನೋಡುತ್ತಿರಲಿಲ್ಲ.

ಮಹದೇವು ಫೋನ್ ಬಂದು ಆಚೆ ಹೋದಾಗ ಜೇಬಿನಿಂದ ಟೇಪು ತೆಗೆದು ಸ್ಟ್ಯಾಂಡಿನ ಕಾಲನ್ನು ಅಳೆದೆ. ಮಿಷನ್ನಿನ ಬುಡದ ದಪ್ಪ ಸೇರಿಸಿದೆ. 889. ಒಂದು ಮಿಲಿಮೀಟರ್ ಹೆಚ್ಚಿಲ್ಲ, ಕಡಿಮೆಯಿಲ್ಲ.

ಯತೀಶ ಅಲ್ಲಿರಲಿಲ್ಲ. ಅವನು ಬರುವ ಮುಂಚೆ ಹೊರಟೆ. ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಇತ್ತು.

ಅಕ್ಟೋಬರ್ 15, ಮಂಗಳವಾರ

ಸಂಜೆ ಬಂದ. ನಾನು ಮಂಡ್ಯಕ್ಕೆ ಹೋಗಿದ್ದು ಅವನಿಗೆ ಗೊತ್ತಾಗಿದೆ. ಕುಳ್ಳಗೆ, ಇಸ್ತ್ರಿ ಅಂಗಿ, ಜೇಬಿನಲ್ಲಿ ಟೇಪು ಎಂದು ಮಹದೇವು ಹೇಳಿದನಂತೆ. ಶೆಡ್ಡಿನ ಹೊಸಿಲಲ್ಲೇ ನಿಂತ.

"ದಿನಾ ಹೇಳಾನ ಅಂತ್ಲೇ ಬತ್ತಿದ್ದೆ ಸಾ. ನೀವು ಆ ನಕ್ಸೆ ಬಿಚ್ಚೋರು. ಬಾಯೇ ಬತ್ತಿರ್ನಿಲ್ಲ."

ನಾನು ನಕ್ಷೆಯನ್ನು ಮಡಚಿಟ್ಟೆ.

"ಮಾದೇವಣ್ಣ ನಾಕ್ ತಿಂಗ್ಳಿಂದ ಕರೀತಿದ್ದ. ಆರ್ ಮನೆ, ಅದಾದ್ಮೇಲೆ ಇನ್ನೊಂದ್ ಸಾಲು."

"ನಾಲ್ಕು ತಿಂಗಳು. ಅಂದರೆ ನಾನು ಕೆಲಸ ಬಿಡುವುದಕ್ಕೆ ಮುಂಚೆ."

"ಊಂ ಸಾ."

"ನಾನು ಅರ್ಜಿ ಬರೆದ ದಿನ ನೀನು ಇಲ್ಲೇ ಕೂತಿದ್ದೆ."

"ಇದ್ದೆ." ತಲೆ ಎತ್ತಿ ಜೋರಾಗಿ ಹೇಳಿದ: "ನೀವೇನಾ ಕೇಳಿದ್ರಾ ಸಾ, ಯತೀಸ, ನಾನು ಬುಡ್ಲಾ ಅಂತ? ಬುಟ್ಟು ಬಂದು ಹೇಳಿದ್ರಿ. ನಿಮ್ಗೆ ಪೆನ್ಸನ್ನು ಬತ್ತದೆ. ಒಂದ್ ಸ್ಟ್ಯಾಂಡ್ಗೆ ಒಂದ್ ತಿಂಗ್ಳು ನಕ್ಸೆ ಬರೀತೀರಿ. ನಂಗೆ ನಾಳೆ ಬೆಳಗಾದ್ರೆ ಕೆಲ್ಸ ಬೇಕು. ಕಪಾಟು ಮಾಡ್ಸೋಕೆ ಮದ್ದೂರಾಗೆ ಎಷ್ಟ್ ಜನ ಪುಸ್ತಕ ಮಡೀಕಂಡವ್ರೆ, ಹೇಳಿ?"

"ಅದನ್ನು ಸೆಪ್ಟೆಂಬರ್ ಮೂರನೇ ತಾರೀಕು ಹೇಳಬಹುದಿತ್ತು."

"ಹೇಳ್ಬೋದಿತ್ತು."

ಮಿಷನ್ ಕಡೆ ಕೈ ತೋರಿಸಿ, "ತಗೊಂಡು ಹೋಗು" ಎಂದೆ. ಬೇರೆ ಏನಾದರೂ ಹೇಳುತ್ತೇನೆಂದು ಕಾದ. ಆಮೇಲೆ ಹೊತ್ತುಕೊಂಡು ಹೋದ. ಬಾಗಿಲು ತಗ್ಗು, ಬಗ್ಗುವುದನ್ನು ಮರೆತ; ಅವನ ತಲೆ ತಗಡಿಗೆ ತಗುಲಿ ಸದ್ದಾಯಿತು. ಬಾಗಿಲ ಅಳತೆ ನಾನೇ ಕೊಟ್ಟಿದ್ದು.

ಅನುವಾದ ಓದುವವನಿಗೆ ಒಂದು ಅಭ್ಯಾಸ ಇರುತ್ತದೆ. ಪ್ರತಿ ವಾಕ್ಯದ ಹಿಂದೆ ಇನ್ನೊಂದು ಭಾಷೆಯ ವಾಕ್ಯ ಇದೆ ಎಂಬುದನ್ನು ಮರೆಯುವುದಿಲ್ಲ. ಮೂಲದಲ್ಲಿ ಏನಿತ್ತೋ ಎಂದು ಅನುಮಾನಿಸುತ್ತಲೇ ಓದುತ್ತಾನೆ. ಯತೀಶನ ಮಾತನ್ನು ಮಾತ್ರ ನಾನು ಹಾಗೆ ಕೇಳಲಿಲ್ಲ. ಏಳು ವರ್ಷ, ಅವನು ಅಂದದ್ದೇ ಮೂಲ ಎಂದುಕೊಂಡಿದ್ದೆ.

ಅಕ್ಟೋಬರ್ 19, ಶನಿವಾರ

ಓದಲು ಆಗುತ್ತಿಲ್ಲ.

ಅಕ್ಟೋಬರ್ 20, ಭಾನುವಾರ

ಕುಸುಮ ಅಭ್ಯಾಸದಿಂದ ಮೂರು ಲೋಟ ಕಾಫಿ ಮಾಡಿದಳು. ಮೂರನೆಯದನ್ನೂ ನಾನೇ ಕುಡಿದೆ.

ಅಕ್ಟೋಬರ್ 27, ಭಾನುವಾರ

ಹಲಗೂರಿನಿಂದ ತಂದ ಹಲಸಿನ ಹಲಗೆಗಳು ಗೋಡೆಗೆ ಒರಗಿ ನಿಂತಿವೆ. ಮಾರಿಬಿಡಿ ಎಂದಳು ಕುಸುಮ. ಕಚೇರಿಗೆ ಬರೆದು ಕೇಳಿದರೆ ಯಾವುದಾದರೂ ಲೆಕ್ಕದಲ್ಲಿ ನಿಮ್ಮನ್ನು ವಾಪಸು ತೆಗೆದುಕೊಳ್ಳುತ್ತಾರೇನೋ ಎಂದೂ ಅಂದಳು. ಯಾರೂ ತೆಗೆದುಕೊಳ್ಳುವುದಿಲ್ಲ.

ಸ್ಟ್ಯಾಂಡು ಮಾಡುತ್ತೇನೆ. ಮಿಷನ್ ಇಲ್ಲ, ಇರಲಿ. ತೀರ್ಮಾನವಾಗಿತ್ತು; ತೀರ್ಮಾನವಾದದ್ದನ್ನು ಒಬ್ಬನು ಮುರಿದನೆಂದು ಇನ್ನೊಬ್ಬನೂ ಮುರಿಯಬೇಕಾಗಿಲ್ಲ. ಗೋಡೆಯ ಮೇಲಿನ ಎರಡೂ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಇನ್ನು ಸರಾಸರಿಯ ಪ್ರಶ್ನೆ ಇಲ್ಲ. ಒಬ್ಬನೇ ಕೆಲಸ ಮಾಡುವುದರಿಂದ ಒಂದೇ ಅಳತೆ, ಅದು ತಲೆಯಲ್ಲಿದೆ.

ಟೇಪು ಕೆಟ್ಟಿದೆ. ಮಂಡ್ಯಕ್ಕೆ ಹೋದ ದಿನದ ಪ್ಯಾಂಟಿನ ಜೇಬಿನಲ್ಲೇ ಉಳಿದು ನೀರಿಗೆ ಹೋಯಿತು. ಕಿಟಕಿಯ ಮೇಲೆ ಅಡಿಕೋಲು ಸಿಕ್ಕಿತು, ಅವನು ಬಿಟ್ಟುಹೋದದ್ದು. ಸದ್ಯಕ್ಕೆ ಇದೇ.

ಹಲಗೆಗಳನ್ನು ತಟ್ಟಿ ನೋಡಿದೆ. ಎರಡನೆಯದು ಕೆಮ್ಮಿತು, ಇಲ್ಲಿಗೆ ಬಂದ ಮೇಲೆ ಬಿರಿದಿರಬೇಕು. ಪಕ್ಕಕ್ಕೆ ಇಟ್ಟೆ.

ನವೆಂಬರ್ 3, ಭಾನುವಾರ

ದೀಪಾವಳಿ ಕಳೆಯಿತು. ಕೈಗರಗಸದಲ್ಲಿ ನಾಲ್ಕು ಕಾಲು ಕತ್ತರಿಸಲು ಮೂರು ದಿನ ಹಿಡಿಯಿತು. ಮೇಲ್ಮೈ ಮೂವತ್ತೈದಕ್ಕೆ ಬರುವಂತೆ, ಹಲಗೆಯ ದಪ್ಪ ಒಂದೂಕಾಲು ಇಂಚು ಕಳೆದು. ಎರಡನೇ ಕಾಲು ಒಂದು ನೂಲು ಉದ್ದ ಇತ್ತು. ಹತ್ತರಿ ಹೊಡೆದು ಸರಿಮಾಡಿದೆ. ಅಂಗೈಯಲ್ಲಿ ಬೊಬ್ಬೆ ಬಂದಿದೆ. ಹಲಸಿನ ಹೊಟ್ಟು ಹಳದಿ, ಅಂಗಿಯಿಂದ ಹೋಗುವುದಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಯಾಕೆ ಹೋಗುತ್ತೀರಿ ಎಂದು ಕುಸುಮ ಬೈದು ಹಳೆಯ ಬನಿಯನ್ನು ಕೊಟ್ಟಳು.

ನವೆಂಬರ್ 8, ಶುಕ್ರವಾರ

ಕಾಲಿಗೆ ತೂತು ಕೊರೆದು ಅಡ್ಡಪಟ್ಟಿ ಕೂರಿಸುವ ಕೆಲಸ. ಮೊದಲನೆಯದು ಸಡಿಲವಾಯಿತು. ಪಟ್ಟಿಯ ತುದಿಯನ್ನು ಸೀಳಿ ಅದರೊಳಗೆ ಸಣ್ಣ ಬೆಣೆ ಹೊಡೆದರೆ ಬಿಗಿಯಾಗುತ್ತದೆ ಎಂದು ಕಪಾಟು ಮಾಡುವಾಗ ಹೇಳಿದ್ದ. ಅಂದಿದ್ದು ನಿಜ. ಅವನು ಹೇಳಿದ್ದರಲ್ಲಿ ಮರದ ವಿಷಯ ಯಾವುದೂ ಸುಳ್ಳಾಗಿಲ್ಲ. ಇದನ್ನು ನ್ಯಾಯವಾಗಿ ದಾಖಲಿಸುತ್ತಿದ್ದೇನೆ, ಅಷ್ಟೇ.

ನವೆಂಬರ್ 13, ಬುಧವಾರ

ಮುಗಿಯಿತು. ಎರಡು ರೆಕ್ಕೆ, ನಡುವೆ ಮಿಷನ್ನಿನ ಅಳತೆಯ ತಗ್ಗು. ನೀರುಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವೆ ನಿಂತಿತು. ಕುಸುಮ ತಗ್ಗಿನಲ್ಲಿ ಒಣಮೆಣಸಿನಕಾಯಿಯ ಮೊರ ಇಡಬಹುದು ಎಂದಳು.

ಪಕ್ಕದಲ್ಲಿ ನಿಂತರೆ ಭುಜ ಎತ್ತಿಕೊಂಡಂತೆ ಆಗುತ್ತದೆ. ಮಣಿಕಟ್ಟು ಮೇಲ್ಮೈಯಿಂದ ಬಹಳ ಕೆಳಗಿದೆ. ಎಲ್ಲೋ ಅಳತೆ ತಪ್ಪಿದೆ. ಮೂವತ್ತೊಂದು ವರ್ಷ ಜಮೀನು ಅಳೆದಿದ್ದೇನೆ, ಒಂದು ಗುಂಟೆಯ ತಕರಾರೂ ನನ್ನ ಮೇಲೆ ಬಂದಿರಲಿಲ್ಲ. ಅಡಿಕೋಲು ಹಳೆಯದು, ಕೀಲು ಸವೆದಿರಬೇಕು.

ನವೆಂಬರ್ 17, ಭಾನುವಾರ

ಹನ್ನೊಂದಕ್ಕೆ ಯತೀಶ ಬಂದ. ಹೆಗಲ ಮೇಲೆ ಡಬ್ಬ. ಕಂಕುಳಲ್ಲಿ ಹಂಗೇರಿಯ ಕಾದಂಬರಿ.

ಶೆಡ್ಡಿನ ಬಾಗಿಲಲ್ಲಿ ಈ ಸಲ ಬಗ್ಗಿದ. "ಮಾದೇವಣ್ಣ ಬ್ಯಾರೆ ಮಿಷನ್ ತಂದ. ಇದು ಇಲ್ಲೇ ಇರ್ಲಿ ಸಾ. ನಾನು ಅಲ್ಲೇ ಕೆಲ್ಸ ಮಾಡದು. ಅದೇನೂ ಬದ್ಲಾಗಿಲ್ಲ, ಮೊದ್ಲೇ ಹೇಳ್ಬುಡ್ತೀನಿ."

"ಸರಿ."

ಆಮೇಲೆ ಸ್ಟ್ಯಾಂಡು ನೋಡಿದ. ಸುತ್ತ ಒಂದು ಸಲ ನಡೆದ. ಬಗ್ಗಿ ಬೆಣೆಗಳನ್ನು ನೋಡಿದ, ಒಂದೊಂದನ್ನೂ ಮುಟ್ಟಿದ. ಕಾಲನ್ನು ಹಿಡಿದು ಅಲುಗಾಡಿಸಿದ, ಅಲುಗಾಡಲಿಲ್ಲ. ಡಬ್ಬ ಬಿಚ್ಚಿ ಮಿಷನ್ನನ್ನು ತಗ್ಗಿನಲ್ಲಿ ಇಳಿಸಿದ. ಕಾಗದ ತೂರುವಷ್ಟೂ ಜಾಗ ಉಳಿಯದಂತೆ ಕೂತಿತು.

"ಕೈಯಾಗೇ ಕುಯ್ದ್ರಾ ಸಾ ಎಲ್ಲಾನೂ?"

"ಹೌದು."

ಬಡಗಿಗಳ ಅಭ್ಯಾಸದಂತೆ ಅದರ ಪಕ್ಕ ನೇರ ನಿಂತು ಕೈ ಇಳಿಬಿಟ್ಟ. ಮೇಲ್ಮೈಗೆ ಸಮನಾಗಿದ್ದ ತನ್ನ ಮಣಿಕಟ್ಟನ್ನು ನೋಡಿಕೊಂಡ. ನನ್ನನ್ನು ನೋಡಿದ.

"ಸಾ, ಇದು..."

"ಅಳತೆ ತಪ್ಪಿದೆ" ಎಂದೆ. "ನಿನ್ನ ಅಡಿಕೋಲು ಸರಿಯಿಲ್ಲ."

ಅಡಿಕೋಲನ್ನು ಕೈಗೆ ತೆಗೆದುಕೊಂಡು ಬಿಚ್ಚಿದ, ಮಡಚಿದ. ತೆಗೆದುಕೊಂಡು ಹೋಗುತ್ತಾನೆ ಎಂದುಕೊಂಡೆ. ಕಿಟಕಿಯ ಮೇಲೆ ಇದ್ದ ಜಾಗದಲ್ಲೇ ಇಟ್ಟ. ಅವನ ಕಣ್ಣಿಗೆ ಹಲಸಿನ ಹೊಟ್ಟು ಬಿದ್ದಿರಬೇಕು, ತೋಳಿನಿಂದ ಒರೆಸಿಕೊಂಡ.

ಪುಸ್ತಕ ಕೊಟ್ಟ. "ಮುಗ್ಸಿದೆ. ಕೊನೇಗೆ ಈಚ್ಗ್ ಬತ್ತಾನಲ್ಲ ಸಾ, ಆವಯ್ಯ. ಮೆಟ್ಲು ತಂಕ ಬಂದು ನಿಂತ್ಕತಾನೆ."

"ಇಳಿಯುವುದಿಲ್ಲ."

"ಇಳಿಯಲ್ಲ. ಆದ್ರೂ ಬಂದ್ನಲ್ಲ."

ಕುಸುಮ ಕಾಫಿ ತಂದಳು. ನಿಂತೇ ಕುಡಿದ. "ಬತ್ತೀನಿ ಅಕ್ಕ" ಎಂದು ಅವಳಿಗೆ ಹೇಳಿದ. ನನಗೆ, "ಭಾನುವಾರ ರಜ ಸಾ" ಎಂದ.

ನಾನು ಅವನನ್ನು ಕ್ಷಮಿಸಿಲ್ಲ. ಮುಂದೆ ಇದನ್ನು ಓದಿದಾಗ ಗೊಂದಲವಾಗಬಾರದೆಂದು ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ. ನಾಲ್ಕು ತಿಂಗಳು ಗೊತ್ತಿದ್ದೂ ಹೇಳಲಿಲ್ಲ. ಅದು ಹಾಗೇ ಇರುತ್ತದೆ.

ಅವನು ಹೋದ ಮೇಲೆ ಕುಸುಮ ಸ್ಟ್ಯಾಂಡಿನ ಪಕ್ಕ ನನ್ನನ್ನು ನಿಲ್ಲಿಸಿ ನೋಡಿದಳು. "ನಿಮಗೆ ಎದೆಯ ಹತ್ತಿರ ಬರುತ್ತಲ್ಲ ರೀ. ಈಗ ಮಿಷನ್ ಬಂತು, ಕಾಲು ನಾಲ್ಕನ್ನೂ ಕುಯ್ದುಬಿಡಿ. ಹತ್ತು ನಿಮಿಷದ ಕೆಲಸ."

ಎದೆಯ ಹತ್ತಿರ ಬರುವುದಿಲ್ಲ, ಉತ್ಪ್ರೇಕ್ಷೆ. ಮತ್ತು ಅದು ಹತ್ತು ನಿಮಿಷದ ಕೆಲಸವೂ ಅಲ್ಲ. ಬೆಣೆ ಹೊಡೆದ ಮೇಲೆ ಕಾಲು ಕತ್ತರಿಸಿದರೆ ನಾಲ್ಕೂ ಒಂದೇ ಸಮ ಬರುತ್ತದೆಂಬ ಖಾತ್ರಿ ಇಲ್ಲ, ಮಟ್ಟ ಕೆಡುತ್ತದೆ. ಅವಳಿಗೆ ಹಾಗೇ ಹೇಳಿದೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಕೆಮ್ಮಿದ ಹಲಗೆ ಹಾಗೇ ಇದೆ. ಬಿರುಕಿನ ಭಾಗ ತೆಗೆದರೂ ಎರಡು ಅಡಿ ಒಳ್ಳೆಯ ಮರ ಸಿಗುತ್ತದೆ. ನಾಳೆ ಅದರಲ್ಲಿ ನನ್ನ ಕಾಲಡಿಗೆ ಒಂದು ಮಣೆ ಮಾಡಿಕೊಳ್ಳಬೇಕು. ಮೂರು ಇಂಚು ಸಾಕು.